ಅವ್ವನ ಮಷೀನಿಗೊಂದು ಟೇಬಲ್ಲು

ನಮ್ಮ ಮನೆಯಲ್ಲಿ ಮಡಚಲು ಬಾರದ ಸಾಮಾನು ಒಂದೂ ಇರಲಿಲ್ಲ. ಕುರ್ಚಿ ಮಡಚುತ್ತಿದ್ದವು, ಮಂಚ ಮಡಚುತ್ತಿತ್ತು, ಊಟದ ಟೇಬಲ್ಲಂತೂ ತನ್ನ ಮನಸ್ಸಿಗೆ ಬಂದಾಗ, ಸಾರಿನ ಪಾತ್ರೆ ಮೇಲಿದ್ದಾಗಲೇ ಮಡಚಿಕೊಳ್ಳುತ್ತಿತ್ತು. ಅಪ್ಪ ಬ್ಯಾಂಕಿನಲ್ಲಿ ಆಫೀಸರು. ಮೂರು ವರ್ಷಕ್ಕೊಮ್ಮೆ ವರ್ಗ. ಧಾರವಾಡದಿಂದ ಎರ್ನಾಕುಲಂಗೆ ಬರುವಾಗ ಇಡೀ ಸಂಸಾರವನ್ನು ಅರ್ಧ ಲಾರಿಯಲ್ಲಿ ತುಂಬಿಸಿ ತಂದೆ ಎಂದು ಅವರು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದರು. ಆ ಅರ್ಧ ಲಾರಿಯ ಸಲುವಾಗಿ ಏನೇನು ಹಿಂದೆ ಉಳಿಯಿತು ಎಂಬುದನ್ನು ಹೇಳುವ ಕೆಲಸ ಅವ್ವನದು. ಅವಳ ಪಟ್ಟಿಯಲ್ಲಿ ಮೊದಲನೆಯದು ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡು. ಮದುವೆಗೆ ಮೊದಲೇ ಟೇಲರಿಂಗ್ ಕ್ಲಾಸಿಗೆ ಹೋಗಿ ಹೊಲಿಗೆ ಕಲಿತು, ತವರಿನಿಂದ ತಂದ ಮಷೀನು ಅದು. ಅಪ್ಪ ಮೇಲಿನ ಕರಿ ಮಷೀನನ್ನಷ್ಟೇ ಬಿಚ್ಚಿ, ಹಳೇ ಕೌದಿಯಲ್ಲಿ ಸುತ್ತಿಕೊಂಡು ಬಂದರು. ತುಳಿಯುವ ಸ್ಟ್ಯಾಂಡು ನಮ್ಮ ಸೋದರಮಾವನ ಹಿತ್ತಿಲಲ್ಲಿ ಉಳಿಯಿತು.

“ತಲಿ ತಂದ್ರಿ, ಕಾಲು ಬಿಟ್ಟು ಬಂದ್ರಿ. ಹಿಂಗ ಯಾರರೆ ಸಂಸಾರ ಸಾಗಸ್ತಾರೇನ್ರೀ?” ಎಂದು ಅವ್ವ ಕೇಳುತ್ತಿದ್ದಳು.

“ಇಲ್ಲೇ ಹೊಸಾದು ಸಿಗ್ತದ ಬಿಡ,” ಎಂದು ಅಪ್ಪ.

ಸಿಗಲಿಲ್ಲ. ಅಂದರೆ ಅಪ್ಪ ಹುಡುಕಲಿಲ್ಲ. ಎರ್ನಾಕುಲಂನ ಎರಡನೇ ಮಾಳಿಗೆಯ ಸಣ್ಣ ಫ್ಲಾಟಿನಲ್ಲಿ ಮೂರು ವರ್ಷ ಅವ್ವ ನೆಲದ ಮೇಲೆ ಕೂತೇ ಹೊಲಿದಳು. ಎರಡು ಮಣೆ ಜೋಡಿಸಿ ಅದರ ಮೇಲೆ ಮಷೀನು. ಅಂಗಡಿಯವನು ಒಂದು ಪುಟ್ಟ ಮೋಟರು ಕೂಡಿಸಿ ಕೊಟ್ಟಿದ್ದ. ಅದರ ಪೆಡಲನ್ನು ಪಾದದಿಂದ ಒತ್ತಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳಿಗೆ ಪಾದ ಎಲ್ಲಿಂದ ಬರಬೇಕು, ಮೊಣಕಾಲಿನಿಂದ ಒತ್ತುತ್ತಿದ್ದಳು. ಬೆನ್ನು ನೋವಿನ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಅವಳ ತಕರಾರೆಲ್ಲ ಬಟ್ಟೆಯ ಪರವಾಗಿತ್ತು. ಮಷೀನು ಮಣೆಯ ಮೇಲೆ ಎತ್ತರಕ್ಕೆ ಕೂತರೆ ಬಟ್ಟೆ ಅಂಚಿನಿಂದ ಕೆಳಗೆ ಜೋತುಬೀಳುತ್ತದೆ, ಜೋತುಬಿದ್ದ ಬಟ್ಟೆ ಸೂಜಿಯನ್ನು ಎಳೆಯುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ. ಟೇಬಲ್ಲಿನ ಹಲಗೆಗೆ ಮಷೀನಿನ ಅಳತೆಗೆ ಸರಿಯಾಗಿ ಕಿಂಡಿ ಕೊರೆದು, ಹಿಂದುಗಡೆ ಎರಡು ಕೀಲು ಹಾಕಿ ಮಷೀನನ್ನು ಅದರೊಳಗೆ ಇಳಿಸಬೇಕು. ಮಷೀನಿನ ತಳ ಮತ್ತು ಹಲಗೆ ಒಂದೇ ಸಮ ಇರಬೇಕು. ಎಡಕ್ಕೆ ಧಾರಾಳ ಜಾಗ ಬೇಕು, ಯಾಕೆಂದರೆ ಬಟ್ಟೆಯ ಭಾರವೆಲ್ಲ ಸೂಜಿಯ ಎಡಕ್ಕೇ ಇರುತ್ತದೆ. ಕೆಳಗೆ ಖಾಲಿ ಇರಬೇಕು, ಕಾಲಾಡಲಿಕ್ಕೆ. ಅಕ್ಷರ ಕಲಿಯುವ ಮೊದಲೇ ನನಗೆ ಇದಿಷ್ಟು ಬಾಯಿಪಾಠವಾಗಿತ್ತು.

“ಅರಿಬಿಗೆ ಕೂಡಲಿಕ್ಕೆ ಜಾಗಾ ಬೇಕ, ವೀಣಾ. ನಮಗಿಂತ ಮೊದಲ ಅದಕ್ಕ ಬೇಕ,” ಎನ್ನುತ್ತಿದ್ದಳು.

ಇನ್ನು ನನ್ನ ಹುದ್ದೆಯ ವಿಷಯ. ಐದನೇ ವಯಸ್ಸಿಗೆ ಎರ್ನಾಕುಲಂನ ಶಾಲೆಗೆ ಸೇರಿದ ನನಗೆ ಆರು ತಿಂಗಳಲ್ಲಿ ಮಲಯಾಳ ನೀರು ಕುಡಿದಷ್ಟು ಸಲೀಸಾಯಿತು. ಅಪ್ಪನಿಗೆ ಬ್ಯಾಂಕಿನಲ್ಲಿ ಇಂಗ್ಲಿಷು ಸಾಕಾಗಿತ್ತು. ಅವ್ವನಿಗೆ ಇಂಗ್ಲಿಷೂ ಇಲ್ಲ, ಮಲಯಾಳವೂ ಇಲ್ಲ, ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದಳು. ಹಾಲಿನವನು, ಗ್ಯಾಸಿನವನು, ಕೆಳಗಿನ ಮನೆಯವರು, ಎಲ್ಲರ ಮಾತೂ ನನ್ನ ಮೂಲಕವೇ ಒಳಗೆ ಬರಬೇಕು, ನನ್ನ ಮೂಲಕವೇ ಹೊರಗೆ ಹೋಗಬೇಕು. ವರ್ಗವಾಗಿ ಬಂದ ಮನೆಗಳಲ್ಲೆಲ್ಲ ಹೀಗೆ ಒಂದು ಮಗು ಇರುತ್ತದೆ. ಅದರ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂದು ದೊಡ್ಡವರಿಗೆ ಗೊತ್ತಿರುವುದಿಲ್ಲ. ಒಮ್ಮೆ ಕೆಳಗಿನ ಮನೆಯ ಹೆಂಗಸು ಮೇಲೆ ಬಂದು, ಮಷೀನಿನ ಸಪ್ಪಳಕ್ಕೆ ಮಗು ಎದ್ದುಬಿಡುತ್ತದೆ ಎಂದಳು. ಅವ್ವ ಸೊಂಟಕ್ಕೆ ಕೈಯಿಟ್ಟು, “ಅವರ ಟೀವಿ ಸಪ್ಪಳಾ ನಾವು ಕೇಳೂದಿಲ್ಲೇನು, ಹೇಳ ಆಕಿಗೆ,” ಎಂದಳು. ನಾನು ಮಲಯಾಳದಲ್ಲಿ, “ಅಮ್ಮನಿಗೆ ಬಹಳ ಬೇಜಾರಾಯಿತಂತೆ. ನಿಮ್ಮ ಪಾಪು ತುಂಬ ಚೆಂದ ಇದೆಯಂತೆ,” ಎಂದೆ. ಮರುದಿನ ಆ ಮನೆಯಿಂದ ಒಂದು ತಟ್ಟೆ ಪಳಂಪೊರಿ ಬಂತು, ಬಿಸಿಬಿಸಿ ಬಾಳೆಹಣ್ಣಿನ ಬಜ್ಜಿ.

“ನೋಡಿದೇನ? ಖಡಕ್ಕಾಗಿ ಹೇಳಿದ್ರ ಮಂದಿ ಹಿಂಗ ದಾರಿಗೆ ಬರ್ತಾರ,” ಎಂದು ಅವ್ವ ಬಜ್ಜಿ ಮುರಿದಳು.

ನಾನೂ ಮುರಿದು ತಿಂದೆ. ಆ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಬ್ಬರ ನಡುವೆ ನಿಂತು ನನಗೆ ಸರಿ ಕಂಡದ್ದನ್ನು ದಾಟಿಸುವುದು, ಸರಿ ಕಾಣದ್ದನ್ನು ನುಂಗುವುದು ನನ್ನ ಜಾಣತನ ಎಂದುಕೊಂಡೆ. ಸುಳ್ಳು ಎಂಬ ಶಬ್ದ ನನ್ನ ತಲೆಗೆ ಬರಲೇ ಇಲ್ಲ. ಎಲ್ಲರೂ ಖುಷಿಯಾಗಿದ್ದರಲ್ಲ.

ನನಗೆ ಒಂಬತ್ತು ತುಂಬುವ ಹೊತ್ತಿಗೆ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಶ್ರೀಕಾರ್ಯಂನಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಆ ಬೀದಿಯಿಂದ ಅರ್ಧ ಗಂಡಸರು ತುಂಬಾದ ರಾಕೆಟ್ ಕೇಂದ್ರಕ್ಕೆ ಹೋಗುವ ಆಫೀಸಿನ ಬಸ್ಸು ಹತ್ತುತ್ತಿದ್ದರು, ಇನ್ನರ್ಧ ಕಾಲೇಜಿನ ಮೇಷ್ಟ್ರುಗಳು. ಮನೆಯ ಒಡತಿ ಲೀಲಾ ಚೇಚಿ, ಅಂದರೆ ಲೀಲಾ ಅಕ್ಕ, ಅದೇ ಕಾಂಪೌಂಡಿನ ಮುಂದಿನ ಮನೆಯಲ್ಲಿದ್ದರು; ನಿವೃತ್ತ ಟೀಚರು, ದೊಡ್ಡ ದನಿ. ನಮ್ಮ ಪಾಲಿಗೆ ಬಂದ ಮನೆಯಲ್ಲಿ ಜೀವಮಾನದಲ್ಲಿ ಮೊದಲ ಸಲ ಒಂದು ಕೋಣೆ ಹೆಚ್ಚಾಗಿತ್ತು. ಹಿತ್ತಿಲಿನ ಕಡೆ ದೊಡ್ಡ ಕಿಟಕಿಯಿದ್ದ ಉದ್ದನೆಯ ಕೋಣೆ. ಸಾಮಾನು ಇಳಿಸುವ ಮೊದಲೇ ಅವ್ವ ಅದರ ನಡುವೆ ನಿಂತು ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಕೊಂಡಳು. ಒಂದು ವಾರದಲ್ಲಿ ಲೀಲಾ ಚೇಚಿ ಅವ್ವನ ಖಣದ ಜಂಪರಿನ ಭುಜ ಮುಟ್ಟಿ ನೋಡಿ, ಇದನ್ನು ಯಾರು ಹೊಲಿದದ್ದು, ಒಂದು ಸುಕ್ಕೂ ಇಲ್ಲವಲ್ಲ ಎಂದು ನನ್ನನ್ನು ಕೇಳಿದರು. ಇದನ್ನು ನಾನು ಸರಿಯಾಗಿಯೇ ದಾಟಿಸಿದೆ. ಓಣಂ ಹತ್ತಿರ ಬರುವಷ್ಟರಲ್ಲಿ ಬೀದಿಯ ಆರು ಮನೆಗಳ ಜಂಪರುಗಳು ನಮ್ಮ ಮನೆಯಲ್ಲಿದ್ದವು, ಹತ್ತಿರದ ಡ್ಯಾನ್ಸ್ ಟೀಚರು ತಮ್ಮ ಕ್ಲಾಸಿನ ಮಕ್ಕಳ ಓಣಂ ಉಡುಪನ್ನೆಲ್ಲ ಅವ್ವನೇ ಹೊಲಿಯಬೇಕು ಎಂದು ಹೇಳಿ ಹೋಗಿದ್ದರು, ಮತ್ತು ಅವ್ವ ಇನ್ನೂ ನೆಲದ ಮೇಲೆ ಕೂತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಮಾತು ತೆಗೆದಳು. ಅಂದು ಜೋಳದ ರೊಟ್ಟಿ. ಊರಿನಿಂದ ಬಂದವರು ಹಿಟ್ಟು ತಂದಿದ್ದರು. ಅಪ್ಪನಿಗೆ ಒಳ್ಳೆಯ ಮನಸ್ಸಿರುವುದು ರೊಟ್ಟಿಯ ದಿನ ಎಂದು ಅವಳಿಗೆ ಗೊತ್ತು. ಬಡಗಿಯನ್ನು ಕರೆಸಿ ಟೇಬಲ್ಲು ಮಾಡಿಸೋಣ ಎಂದಳು. ಅಪ್ಪ ಒಪ್ಪಿಯೇಬಿಟ್ಟರು, ಆದರೆ ಟೇಬಲ್ಲು ಬೇಡ, ಕ್ಯಾಬಿನೆಟ್ಟು ಮಾಡಿಸೋಣ ಎಂದರು. ಅವರ ಸಹೋದ್ಯೋಗಿಯ ಮನೆಯಲ್ಲಿ ನೋಡಿದ್ದರಂತೆ: ಮಷೀನು ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಪೆಟ್ಟಿಗೆಯೊಳಗೆ ಇಳಿಯುತ್ತದೆ, ಮೇಲೆ ಮುಚ್ಚಳ, ಮುಂದೆ ಎರಡು ಬಾಗಿಲು. ಯಾರಾದರೂ ಬಂದರೆ ಅಲ್ಲೊಂದು ಮಷೀನಿದೆ ಎಂದು ಗೊತ್ತೇ ಆಗುವುದಿಲ್ಲ.

“ಯಾಕ ಗೊತ್ತಾಗಬಾರದು?” ಅವ್ವ ಕೇಳಿದಳು.

“ಆಫೀಸರ್ ಹೆಂಡತಿ ಮಂದಿ ಅರಿಬಿ ಹೊಲಿತಾಳ ಅಂತ ಊರ ತುಂಬ ಸಾರಬೇಕೇನು? ನಮ್ಮವ್ವ ಮಂದಿ ಅರಿಬಿ ಹೊಲದು ಹೊಲದು ಕಣ್ಣು ಕಳಕೊಂಡ್ಲು, ಗಂಗಾ. ಅದನ್ನ ನೋಡೇ ಬೆಳದಾಂವ ನಾನು. ನನ್ನ ಮನ್ಯಾಗ ಮತ್ತ ಅದ ಬ್ಯಾಡ.”

“ನಿಮ್ಮವ್ವ ಹೊಟ್ಟಿಗೆ ಹೊಲದ್ರು. ನಾನು ಹುರುಪಿಗೆ ಹೊಲೀತೀನಿ. ಎರಡೂ ಒಂದ ಮಾಡಬ್ಯಾಡ್ರಿ,” ಎಂದು ಅವ್ವ ಇನ್ನೊಂದು ರೊಟ್ಟಿ ಅವರ ತಟ್ಟೆಗೆ ಹಾಕಿದಳು. ಅಪ್ಪ ರೊಟ್ಟಿ ತಿಂದರು, ಹಿಡಿದ ಹಟ ಮಾತ್ರ ಬಿಡಲಿಲ್ಲ.

ನಾನು ಯಾರ ಪರ? ಈಗ ಹೇಳಲು ನಾಚಿಕೆಯಿಲ್ಲ, ಆಗ ಅಪ್ಪನ ಪರ. ನನ್ನ ಕ್ಲಾಸಿನ ಅಂಬಿಳಿ ಎಂಬ ಹುಡುಗಿ ಎಲ್ಲರ ಮುಂದೆ, “ನಿನ್ನ ಅಮ್ಮ ಟೇಲರಾ? ನನ್ನ ಅಮ್ಮನ ಬ್ಲೌಸು ಹೊಲಿದುಕೊಟ್ಟರಂತೆ,” ಎಂದಿದ್ದಳು. ಅವಳು ಹೊಗಳಿಯೇ ಹೇಳಿದ್ದಿರಬಹುದು. ಆದರೆ ನನಗೆ ಮೈಯೆಲ್ಲ ಉರಿಯಿತು. ಅದೇ ಅಂಬಿಳಿಯನ್ನು ನನ್ನ ಹುಟ್ಟುಹಬ್ಬಕ್ಕೆ ಕರೆಯಬೇಕೆಂದಿತ್ತು. ಮುಚ್ಚಳ ಹಾಕಿದ, ಬಾಗಿಲು ಮುಚ್ಚಿದ, ಪಾಲಿಶು ಹೊಡೆದ ಕ್ಯಾಬಿನೆಟ್ಟಿನ ಮೇಲೆ ಹೂದಾನಿಯಿಟ್ಟು ಅವಳನ್ನು ಒಳಗೆ ಕರೆದೊಯ್ಯುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತ್ತು.

ಕೊನೆಗೆ ಅಪ್ಪ, “ನಿನ್ನ ಮನಸ್ಸಿಗೆ ಬಂದಂಗ ಮಾಡಿಸ್ಕೋ,” ಎಂದು ಕೈಬಿಟ್ಟರು. ಆದರೆ ಸೋಮವಾರ ಆಫೀಸಿಗೆ ಹೋಗುವಾಗ ಶೂಗೆ ಲೇಸು ಕಟ್ಟುತ್ತ ನನ್ನ ಕಿವಿಯಲ್ಲಿ, “ಬಡಗಿ ಬಂದ್ರ ಮುಚ್ಚಳದ್ದ ಛಲೋ ಅಂತ ಹೇಳು. ನಿಮ್ಮವ್ವಗ ಆಮ್ಯಾಲೆ ತಿಳೀತದ,” ಎಂದರು. ಅಷ್ಟೇ ಹೇಳಿದ್ದು. ಉಳಿದ ಕೆಲಸ ನಾನೇ ಮಾಡಿದೆ.

ಲೀಲಾ ಚೇಚಿ ಕಳಿಸಿದ ವಾಸು ಆಶಾರಿ ಶನಿವಾರ ಬೆಳಿಗ್ಗೆ ಬಂದರು. ಅಲ್ಲಿ ಬಡಗಿಗೆ ಆಶಾರಿ ಎನ್ನುತ್ತಾರೆ. ತಲೆಯೆಲ್ಲ ಬೆಳ್ಳಗಾದ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿದ, ಕಡಿಮೆ ಮಾತಿನ ಮನುಷ್ಯ. ಅವ್ವ ಹಿಂದಿನ ದಿನವೇ ತಯಾರಾಗಿದ್ದಳು. ಜಂಪರಿಗೆ ಹೇಗೆ ಮೊದಲು ಪೇಪರಿನಲ್ಲಿ ಕತ್ತರಿಸಿ ನೋಡುತ್ತಾಳೋ ಹಾಗೆಯೇ ಟೇಬಲ್ಲಿಗೂ ಪೇಪರು ಕತ್ತರಿಸಿದ್ದಳು. ಒಂದು ದಿನ ತಡವಾಗಿ ನಮಗೆ ಬರುತ್ತಿದ್ದ ಕನ್ನಡ ಪೇಪರಿನ ಹಾಳೆಗಳನ್ನು ಅನ್ನದ ಅಂಟಿನಿಂದ ಜೋಡಿಸಿ, ಮೋಟರು ಬಿಚ್ಚಿ ತೆಗೆದು, ಮಷೀನನ್ನು ಅದರ ಮೇಲೆ ನಿಲ್ಲಿಸಿ, ತಳದ ಸುತ್ತ ಪೆನ್ಸಿಲಿನಿಂದ ಗೀರಿದ್ದಳು. ಇನ್ನೊಂದು ಹಾಳೆಯ ಮೇಲೆ ಟೇಬಲ್ಲಿನ ಚಿತ್ರ. ಎಡಕ್ಕೆ ಚಾಚಿದ ಹಲಗೆ, ಕೆಳಗೆ ಖಾಲಿ ಜಾಗ, ಪೆಡಲು ಇಡುವ ಕಡೆ ಒಂದು ಪಾದದ ಗುರುತು, ಪಕ್ಕದಲ್ಲಿ ಕನ್ನಡದಲ್ಲಿ ಅಳತೆಗಳು. ಕುರ್ಚಿಯ ಮೇಲೆ ಕೂತು, ಮೊಣಕೈ ಮಡಚಿ, ನೆಲದಿಂದ ಮೊಣಕೈಗೆ ಎಷ್ಟು ಎಂದು ನನ್ನ ಕೈಯಲ್ಲೇ ಟೇಪು ಹಿಡಿಸಿ ಬರೆದುಕೊಂಡಿದ್ದಳು. ಕ್ಲಾಸಿನಲ್ಲಿ ಮೊದಲನೇ ನಂಬರು ಬರುವ ಹುಡುಗಿಯ ಮುಖ ಇತ್ತು ಅವಳದು.

ಆಶಾರಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಇದು ಬಾಗಿಲಿಲ್ಲದ ಟೇಬಲ್ಲಲ್ಲವೇ, ಮೋಳೆ? ಎಡಕ್ಕೆ ಇದು ಉದ್ದಕ್ಕೆ ಹೋಗಿದೆಯಲ್ಲ, ಏನು?” ಎಂದು ಮಲಯಾಳದಲ್ಲಿ ನನ್ನನ್ನು ಕೇಳಿದರು. ಮೋಳೆ ಎಂದರೆ ಮಗಳೇ ಎಂದು.

“ಅದು ಮೊದಲು ಯೋಚನೆ ಮಾಡಿದ್ದು, ಮಾಮಾ. ಈಗ ಅಮ್ಮನಿಗೆ ಅದು ಬೇಡವಂತೆ. ಮಷೀನು ಒಳಗೆ ಇಳಿಯುವ ಪೆಟ್ಟಿಗೆ ಬೇಕಂತೆ. ಮೇಲೆ ಮುಚ್ಚಳ, ಮುಂದೆ ಎರಡು ಬಾಗಿಲು.”

“ಏನ್ ಕೇಳ್ಯಾನ?” ಎಂದು ಅವ್ವ.

“ಕಟ್ಟಿಗಿ ಯಾವುದು ಬೇಕು ಅಂತ.”

“ಯಾವುದರೆ ಇರ್ಲಿ. ಗಟ್ಟಿ ಇರಬೇಕು, ಅಲಗಾಡಬಾರದು. ಮಡಚೂದಂತೂ ಬ್ಯಾಡs ಬ್ಯಾಡ.”

ಗಟ್ಟಿ ಇರಬೇಕು ಎಂಬುದನ್ನು ನಾನು ಹೇಳಿದೆ. ಆಞಿಲಿ ಮರದಲ್ಲಿ ಮಾಡೋಣ ಎಂದರು ಆಶಾರಿ, ನಮ್ಮ ಕನ್ನಡದ ಹೆಬ್ಬಲಸು. ಮತ್ತೆ ನನ್ನ ಮುಖ ನೋಡಿ, “ಬಾಗಿಲು ಹಾಕಿದರೆ ಕಾಲು ಎಲ್ಲಿಡುತ್ತಾರೆ? ಅಮ್ಮ ಹೇಳಿದ್ದು ಇದೇ ಹೌದಲ್ಲ?” ಎಂದರು. ನಾನು ಹೌದು ಎಂದು ತಲೆಯಾಡಿಸಿದೆ. ಅವ್ವನೂ ಏನೋ ಒಳ್ಳೆಯದೇ ನಡೆದಿದೆ ಎಂದುಕೊಂಡು ನಗುತ್ತ ತಲೆಯಾಡಿಸಿದಳು. ಅಲ್ಲಿಗೆ ಮುಗಿಯಿತು. ಎರಡು ಹಾಳೆಯನ್ನೂ ಮಡಚಿ ಚೀಲದಲ್ಲಿಟ್ಟುಕೊಂಡು ಆಶಾರಿ ಹೋದರು.

ಟೇಬಲ್ಲಿಗೆ ಕಾದ ಆ ಮೂರು ವಾರ ಅವ್ವನಲ್ಲಿದ್ದ ಖುಷಿಯನ್ನು ನಾನು ಮತ್ತೆ ನೋಡಲಿಲ್ಲ. ಉದ್ದ ಕೋಣೆಯನ್ನು ಎರಡು ಸಲ ತೊಳೆದಳು. ಕಿಟಕಿಗೆ ಪರದೆ ಹಾಕಲಿಲ್ಲ, ಬೆಳಕು ಬೇಕೆಂದು. ಡ್ಯಾನ್ಸ್ ಟೀಚರಿಗೆ ನನ್ನ ಮೂಲಕ ಹೇಳಿಸಿದಳು, ಟೇಬಲ್ಲು ಬಂದ ಮರುದಿನವೇ ಬಟ್ಟೆಗೆ ಕತ್ತರಿ ಹಾಕುತ್ತೇನೆ, ಹಬ್ಬಕ್ಕೆ ಒಂದು ವಾರ ಮೊದಲೇ ಕೊಡುತ್ತೇನೆ ಎಂದು. ಹನ್ನೆರಡು ಮಕ್ಕಳ ಮೈ ಅಳತೆ ಅವಳ ನೋಟುಬುಕ್ಕಿನಲ್ಲಿತ್ತು. ಇಷ್ಟರ ನಡುವೆ ನನಗೆ ಹೊಟ್ಟೆಯಲ್ಲಿ ಏನೂ ಆಗಲಿಲ್ಲವೇ ಎಂದು ಕೇಳಿದರೆ, ಆಗಲಿಲ್ಲ. ಕೆಳಗಿನ ಮನೆಯ ಬಜ್ಜಿ ತಿಂದು ಅರಗಿಸಿಕೊಂಡವಳು ನಾನು. ಕ್ಯಾಬಿನೆಟ್ಟು ನೋಡಿದ ಮೇಲೆ ಅವ್ವನೂ ಖುಷಿಪಡುತ್ತಾಳೆ ಎಂದೇ ನಂಬಿದ್ದೆ.

ಅದು ಬಂದದ್ದು ಸಾಮಾನು ಸಾಗಿಸುವ ಆಟೋದಲ್ಲಿ, ಗೋಣಿ ಸುತ್ತಿಕೊಂಡು, ಜೊತೆಗೆ ಆಶಾರಿ. ಗೋಣಿ ಬಿಚ್ಚಿದಾಗ ಲೀಲಾ ಚೇಚಿ ಕೂಡ ಆಹಾ ಎಂದರು. ಕೆಲಸ ಅಷ್ಟು ಚೆಂದ. ಬಾಗಿಲಿಗೆ ಹಿತ್ತಾಳೆಯ ಗುಂಡಿ, ಮುಚ್ಚಳದ ಅಂಚು ಬೆರಳಿಗೆ ತಾಗದ ಹಾಗೆ ನಯ, ಜೇನುತುಪ್ಪದ ಬಣ್ಣ. ಅಪ್ಪ ಅಂದು ಮನೆಯಲ್ಲಿದ್ದರು. ಅದರ ಸುತ್ತ ಎರಡು ಸಲ ತಿರುಗಿದರು. ಅವ್ವ ಹತ್ತಿರ ಬಂದಳು. ಮುಚ್ಚಳ ತೆರೆದಳು, ಮಷೀನನ್ನು ಕೀಲಿಗೆ ಕೂಡಿಸಿದಳು, ಬಿಚ್ಚಿಟ್ಟಿದ್ದ ಮೋಟರನ್ನು ಅದರ ಹಿಂದೆ ತಿರುಪು ಹಾಕಿ ಜೋಡಿಸಿದಳು. ಕುರ್ಚಿ ಎಳೆದು ಕೂತಳು. ಬಾಗಿಲು ತೆರೆದರೂ ಮೊಣಕಾಲು ಅಡ್ಡಪಟ್ಟಿಗೆ ಬಡಿಯಿತು. ಓರೆಯಾಗಿ ಕೂತು ಒಂದು ತುಂಡು ಬಟ್ಟೆ ಇಟ್ಟು ನೋಡಿದಳು. ಮಷೀನು ನಟ್ಟನಡುವೆ ಕೂತಿತ್ತು, ಎಡಕ್ಕೆ ಒಂದು ಗೇಣು ಜಾಗ, ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಸರಿ, ಒಳಗಾದರೂ ಇಳಿಯುತ್ತದೋ ನೋಡೋಣ ಎಂದು ಮಷೀನನ್ನು ಮಗುಚಿದಳು. ಮೋಟರು ಹಿಂದಿನ ಹಲಗೆಗೆ ಠಕ್ಕೆಂದು ತಾಗಿ ನಿಂತಿತು. ಅಳತೆ ಕೊಟ್ಟಾಗ ಮೋಟರು ಬಿಚ್ಚಿತ್ತಲ್ಲ, ಅದೊಂದು ಇದೆ ಎಂದು ಆಶಾರಿಗೆ ಹೇಳುವುದನ್ನು ನಾನು ಮರೆತಿದ್ದೆ. ಹೊಲಿಯಲಿಕ್ಕೂ ಆಗಲಿಲ್ಲ, ಮುಚ್ಚಿಡಲಿಕ್ಕೂ ಆಗಲಿಲ್ಲ. ಅಪ್ಪ ಮೆಲ್ಲಗೆ ಮೂಲೆಗೆ ಸರಿದು ಪೇಪರು ಓದಲು ಕೂತರು.

ಅವ್ವ ಎದ್ದು ನಿಂತಳು. ಮುಖ ಕೆಂಪಗಾಗಿತ್ತು, ಆದರೆ ಕಣ್ಣಲ್ಲಿ ನೀರಿತ್ತು. ಅವಳು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಹೇಳ ಇಂವಗ. ಚಿತ್ರಾ ಬರದು ಕೊಟ್ಟಿದ್ದೆ, ಅಳತಿ ಬರದು ಕೊಟ್ಟಿದ್ದೆ, ಕಣ್ಣು ಎಲ್ಲಿಟ್ಟಿದ್ದಿ ಅಂತ ಕೇಳು. ಇಷ್ಟು ವಯಸ್ಸಾಗೇದ, ಒಂದು ಮಾತು ತಿಳೀಲಿಲ್ಲೇನು ಅಂತ ಕೇಳು. ಹನ್ನೆರಡು ಮಕ್ಕಳ ಅರಿಬಿ ನಾ ಎಲ್ಲಿ ಕೂತು ಹೊಲೀಲಿ ಅಂತ ಕೇಳು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ಬರೆ ಹಾಕುವ ಕೆಲಸವೂ ನನ್ನದೇ ಆಯಿತು. ಆಶಾರಿ ನನ್ನನ್ನೇ ನೋಡುತ್ತಿದ್ದರು. ಎಂದಿನ ಹಾಗೆ ಬಾಯಿ ತೆರೆದೆ, ಅಮ್ಮನಿಗೆ ತುಂಬ ಇಷ್ಟವಾಯಿತಂತೆ ಎನ್ನಲು. ಅವ್ವನ ಕಣ್ಣೀರು ಕಂಡ ಮುದುಕನ ಮುಂದೆ ಆ ಮಾತು ಹೊರಡಲಿಲ್ಲ. ಅವರೇ ಚೀಲಕ್ಕೆ ಕೈಹಾಕಿ ಪೇಪರಿನ ಹಾಳೆ ತೆಗೆದು, ಬಿಡಿಸಿ, ಕ್ಯಾಬಿನೆಟ್ಟಿನ ಮೇಲೆ ಹರಡಿದರು. ಎಡಕ್ಕೆ ಚಾಚಿದ ಹಲಗೆಯ ಮೇಲೆ ಬೆರಳಿಟ್ಟು ನನಗೆ ಹೇಳಿದರು:

“ನಾನು ಕೇಳಿದ್ದೆನಲ್ಲ, ಮೋಳೆ. ಎರಡು ಸಲ ಕೇಳಿದೆ. ಇದು ಬೇಡವೆಂದು ನೀನು ಹೇಳಿದೆ. ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತೇನೆ, ಕೂತು ಹೊಲಿಯುವವರಿಗೆ ಕಾಲಿಡಲು ಜಾಗವಿಲ್ಲದ ಪೆಟ್ಟಿಗೆ ನಾನಾಗಿ ಮಾಡುತ್ತೇನೆಯೇ?”

ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಏನಂದಾ?” ಎಂದಳು ಅವ್ವ. ಅವಳು ಹಾಳೆಯನ್ನೂ ನೋಡಿದಳು, ಅವರ ಬೆರಳನ್ನೂ ನೋಡಿದಳು, ಆಮೇಲೆ ನನ್ನನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಆಗಲೇ ಲಂಗದ ಅಂಚು ಹಿಡಿದುಕೊಂಡಿದ್ದೆ. “ಏನಂದಾ ಅಂತ ಕೇಳಿದೆ, ವೀಣಾ.”

“ಎರಡು ಸಲಾ ಕೇಳಿದ್ರಂತ. ನಾನs ಬ್ಯಾಡ ಅಂತ ಹೇಳಿದ್ನಂತ.”

“ಹೇಳಿದ್ದಿಯೇನು?”

“ಹೇಳಿದ್ದೆ.”

ಅಪ್ಪ ಪೇಪರು ಇಳಿಸಿ, “ನಾನs ಹೇಳಿದ್ದೆ ಆಕಿಗೆ, ಗಂಗಾ,” ಎಂದರು. ಅದು ಅವರ ದೊಡ್ಡತನ, ಇವತ್ತಿಗೂ ನಾನು ಮರೆತಿಲ್ಲ. ಅವ್ವ ಅವರ ಕಡೆ ತಿರುಗಲಿಲ್ಲ. ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. ಕಣ್ಣು ಒರೆಸಿಕೊಂಡು, ನನ್ನನ್ನು ಆಶಾರಿಯ ಎದುರಿಗೆ ನಿಲ್ಲಿಸಿದಳು.

“ಈಗ ನಾ ಹೇಳಿದ್ದನ್ನ ಹೇಳು. ಒಂದಕ್ಷರ ಬಿಡಬ್ಯಾಡ. ತಪ್ಪು ನಿಮ್ಮದಲ್ಲ. ನನ್ನ ಮಗಳು ಸುಳ್ಳು ಹೇಳ್ಯಾಳ. ನಿಮಗ ಅನಬಾರದ ಮಾತು ಅಂದೆ. ನೀವು ನಮ್ಮಪ್ಪನ ವಯಸ್ಸಿನವರು, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ.”

ಒಂದೊಂದೇ ಮಾತು ಹೇಳಿದೆ. ನನ್ನ ಮಗಳು ಸುಳ್ಳು ಹೇಳಿದ್ದಾಳೆ ಎಂಬುದನ್ನು ನನ್ನ ಬಾಯಿಂದಲೇ, ನನ್ನ ಬಗ್ಗೆಯೇ, ಲೀಲಾ ಚೇಚಿ ಬಾಗಿಲಲ್ಲಿ ನಿಂತಿರುವಾಗ ಮಲಯಾಳದಲ್ಲಿ ಹೇಳಿದೆ. ಇವತ್ತು ಎರ್ನಾಕುಲಂನಲ್ಲಿ ನನಗೆ ಅನ್ನ ಹಾಕುವುದು ಇದೇ ಕೆಲಸ. ಕನ್ನಡ ಬಿಟ್ಟು ಬೇರೆ ಬಾರದವರು ಕೋರ್ಟಿನಲ್ಲಿ ನಿಂತಾಗ ಅವರ ಮಾತನ್ನು ನಾನು ದಾಟಿಸುತ್ತೇನೆ. ಕೆಲವೊಮ್ಮೆ ಸಾಕ್ಷಿ ತನ್ನ ಕೇಸನ್ನು ತಾನೇ ಕೆಡಿಸಿಕೊಳ್ಳುವ ಮಾತಾಡುತ್ತಾನೆ, ಸ್ವಲ್ಪ ನಯ ಮಾಡಿ ಹೇಳಿದರೆ ಬಚಾವಾಗುತ್ತಾನೆ ಎಂದು ನನಗೂ ಕಾಣುತ್ತದೆ. ಮಾಡುವುದಿಲ್ಲ. ಈ ಕೆಲಸದಲ್ಲಿ ನನಗಿಂತ ನಂಬಿಕಸ್ಥರು ಊರಿನಲ್ಲಿ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಒಂಬತ್ತನೇ ವಯಸ್ಸಿನಲ್ಲಿ ಆ ಕ್ಯಾಬಿನೆಟ್ಟಿನ ಪಕ್ಕ ನಿಂತು ಕಲಿತ ವಿದ್ಯೆ ಅದು.

ಆಶಾರಿ ಕ್ಯಾಬಿನೆಟ್ಟನ್ನು ವಾಪಸು ಒಯ್ದರು. ಈ ಸಲ ಅವ್ವ ನನ್ನನ್ನು ಕರೆಯಲಿಲ್ಲ. ತಾನೇ ಅವರು ಮರಗೆಲಸ ಮಾಡುವ ಕೊಟ್ಟಿಗೆಗೆ ಹೋಗಿ, ಕೆಳಗಿಟ್ಟ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಮೊಣಕೈ ತೋರಿಸಿ, ಮೊಣಕಾಲು ತೋರಿಸಿ, ಕೈಸನ್ನೆ ಬಾಯಿಸನ್ನೆಯಲ್ಲಿ ಕೆಲಸ ಮಾಡಿಸಿದಳು. ಬಾಗಿಲೆರಡನ್ನೂ ಜೋಡಿಸಿ ಎಡಗಡೆಯ ಹಲಗೆ ಮಾಡಿದರು. ಪೆಟ್ಟಿಗೆಯ ಹಲಗೆಗಳಿಂದ ನಾಲ್ಕು ಗಟ್ಟಿ ಕಾಲು ಬಂದವು. ಹನ್ನೆರಡು ಮಕ್ಕಳ ಉಡುಪು ಹಬ್ಬದ ಹಿಂದಿನ ದಿನ ಮುಗಿಯಿತು, ಒಂದು ವಾರ ಮೊದಲಲ್ಲ. ಅವ್ವ ಕೊಟ್ಟ ಮಾತು ತಪ್ಪಿದ್ದು ಅದೊಂದೇ ಸಲ, ಅದು ನನ್ನಿಂದ.

ಮನೆಯಲ್ಲಿ ನನ್ನ ಹುದ್ದೆ ಹೋಯಿತು. ಬಾಗಿಲಿಗೆ ಯಾರು ಬಂದರೂ ಅವ್ವ ತಾನೇ ಎದ್ದು ಹೋಗುತ್ತಿದ್ದಳು. ನಾನು ಓಡಿ ಬಂದರೆ, “ನೀ ಓದಕೋ ಹೋಗು,” ಎನ್ನುತ್ತಿದ್ದಳು, ಸಿಟ್ಟಿಲ್ಲದೆ. ಆ ಸಿಟ್ಟಿಲ್ಲದ ದನಿ ನನಗೆ ಚುಚ್ಚುತ್ತಿತ್ತು. ಊರಿಗೆ ಬಂದಾಕಿ ನೀರಿಗೆ ಬರದs ಇರ್ತಾಳೇನು ಎಂದು ತನಗೆ ತಾನೇ ಹೇಳಿಕೊಂಡು, ಜಂಪರು ಕೊಡಲು ಬಂದವರ ಹತ್ತಿರವೆಲ್ಲ ಮಲಯಾಳ ಕಲಿತಳು. ಚಾಲಾ ಬಜಾರಿಗೆ ಒಬ್ಬಳೇ ಬಸ್ಸು ಹತ್ತಿ ಹೋಗಿ ದಾರ, ಅಸ್ತರು ತಂದಳು. ಅವಳ ಮಲಯಾಳ ಕೇಳಿದರೆ ಬೀದಿಯೆಲ್ಲ ನಗುತ್ತಿತ್ತು, ಮತ್ತು ಬೀದಿಗೆಲ್ಲ ಅರ್ಥವಾಗುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಉದ್ದ ಕೋಣೆಗೆ ಬೆಳಿಗ್ಗೆ ಹತ್ತರಿಂದ ಹೆಂಗಸರು ಬಂದು ಹೋಗುತ್ತಿದ್ದರು, ಇಬ್ಬರು ಹುಡುಗಿಯರು ಅವಳ ಹತ್ತಿರ ಹೊಲಿಗೆ ಕಲಿಯುತ್ತಿದ್ದರು. ಅಂಬಿಳಿಯ ಅಮ್ಮ ಮಗಳನ್ನೂ ಕರೆದುಕೊಂಡು ಬಂದಳು. ಅಂಬಿಳಿಗೆ ನಮ್ಮ ಮನೆಯಲ್ಲಿ ಬಹಳ ಇಷ್ಟವಾದದ್ದು ಆ ಟೇಬಲ್ಲೇ. ಅವ್ವ ನನ್ನನ್ನು ಮುದ್ದು ಮಾಡುತ್ತಿದ್ದಳು, ತಲೆ ಬಾಚುತ್ತಿದ್ದಳು, ನನಗೆ ಲಂಗ ಹೊಲಿಯುತ್ತಿದ್ದಳು. ನನ್ನ ಬಾಯಿಯನ್ನು ಮಾತ್ರ ಎರಡು ವರ್ಷ ಒಮ್ಮೆಯೂ ನಂಬಲಿಲ್ಲ.

ಅಪ್ಪ ಮುಂದೆ ಎಷ್ಟೋ ವರ್ಷ ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುವ ಗಂಡನಾದರು. ಅದು ನಿಶ್ಚಯವಾದದ್ದು ಆ ಟೇಬಲ್ಲಿನ ಹತ್ತಿರವೇ. ಎರಡು ವರ್ಷ ಕಳೆದು ಒಂದು ಸಂಜೆ ಲೀಲಾ ಚೇಚಿ ಅಳತೆ ನೋಡಿಸಿಕೊಳ್ಳಲು ಬಂದು ಕಿಟಕಿಯ ಹತ್ತಿರ ಕೈಯೆತ್ತಿ ನಿಂತಿದ್ದರು, ಅವ್ವ ಕಂಕುಳಿನ ಹತ್ತಿರ ಗುಂಡುಪಿನ್ನು ಚುಚ್ಚುತ್ತಿದ್ದಳು, ನಾನು ನೆಲದ ಮೇಲೆ ಹೋಂವರ್ಕು ಮಾಡುತ್ತಿದ್ದೆ. ಅಪ್ಪ ಆಫೀಸಿನಿಂದ ಬಂದವರು ಕೋಣೆಯ ಹೊರಗೇ ನಿಂತು, ಎರ್ನಾಕುಲಂಗೆ ಮತ್ತೆ ವರ್ಗವಾಗಿದೆ ಎಂದರು. ಅವ್ವನಿಗೂ ಅದು ಗೊತ್ತಾದದ್ದು ಆ ಕ್ಷಣಕ್ಕೇ.

“ವೀಣಾ, ಹೆಂಗೂ ಇಲ್ಲೇ ಇದ್ದಾರ, ಲೀಲಾ ಚೇಚಿಗೆ ಹೇಳಿಬಿಡು. ಬರೋ ತಿಂಗಳು ಮನಿ ಬಿಡ್ತೀವಿ ಅಂತ.”

ನಾನು ಅವ್ವನ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಪಿನ್ನು ಚುಚ್ಚಿ ಮುಗಿಸಿದಳು.

“ಅವರು ಹೇಳಿದ್ದನ್ನ ಹೇಳು. ಆಮ್ಯಾಲೆ ನಂದೂ ಒಂದು ಹೇಳು. ಇವರು ಹೋಗ್ತಾರ, ವಾರಕ್ಕೊಮ್ಮೆ ಬರ್ತಾರ. ನಾನು ಇಲ್ಲೇ ಇರ್ತೀನಿ. ಮನಿ ಬಿಡೂದಿಲ್ಲ.”

“ನಿನಗ ಈಗ ಅವರ ಭಾಷಾ ಬರ್ತದಲ್ಲ, ನೀನs ಹೇಳು,” ಎಂದರು ಅಪ್ಪ. ದನಿಯಲ್ಲಿ ಜೋರಿತ್ತು, ಅದರ ಕೆಳಗೆ ಹೆದರಿಕೆಯೂ ಇತ್ತು.

“ಬರ್ತದ. ಆದ್ರ ಇದರಾಗ ಹೆಚ್ಚು ಕಡಿಮಿ ಆಗಬಾರದು. ಅದಕ್ಕ ಆಕಿ ಹೇಳ್ಲಿ.”

ನಾನು ಎದ್ದು ನಿಂತೆ. ಮೊದಲಿನ ವೀಣಾ ಆಗಿದ್ದರೆ ಇಬ್ಬರಿಗೂ ಹಿತವಾಗುವ ಮೂರನೆಯ ಮಾತೊಂದನ್ನು ಕಟ್ಟಿಕೊಡುತ್ತಿದ್ದೆ. ಅಪ್ಪ ಹೇಳಿದ್ದನ್ನು ಅಪ್ಪ ಹೇಳಿದ ಹಾಗೆ ಹೇಳಿದೆ, ಅವ್ವ ಹೇಳಿದ್ದನ್ನು ಅವ್ವ ಹೇಳಿದ ಹಾಗೆ ಹೇಳಿದೆ. ಲೀಲಾ ಚೇಚಿ ಎತ್ತಿದ ಕೈ ಇಳಿಸದೆ ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿ, “ಅದಿರಲಿ. ಮೋಳ್ ಏನು ಹೇಳುತ್ತೀ?” ಎಂದರು.

ಅಷ್ಟು ವರ್ಷ ಎರಡು ಭಾಷೆಯ ನಡುವೆ ನಿಂತಿದ್ದರೂ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಅಪ್ಪನ ಕಡೆ ತಿರುಗಿದೆ.

“ಅಪ್ಪಾ, ನಾನೂ ಅವ್ವನ ಸಂಗಾಟ ಇಲ್ಲೇ ಇರ್ತೀನಿ.”

ಅಪ್ಪ ಆತು ಎಂದು ತಲೆಯಾಡಿಸಿದರು. ನಾನು ಕನ್ನಡದಲ್ಲಿ ಆಡಿದ್ದು ಲೀಲಾ ಚೇಚಿಗೆ ತಿಳಿದಿರಲಿಲ್ಲ. ಏನಂದಳು, ಏನಂದಳು ಎಂದು ಅವ್ವನನ್ನು ಕೇಳಿದರು. ಅವ್ವ ಪಿನ್ನಿನ ಡಬ್ಬಿ ಕೆಳಗಿಟ್ಟು, ತನ್ನ ಹರಕುಮುರುಕು ಮಲಯಾಳದಲ್ಲಿ ಹೇಳಿದಳು. ನಾನು ಹೇಳಿದ್ದಷ್ಟನ್ನೇ ಹೇಳಿದಳು.